ಎಡಗೈ ರೈಫಲ್ಲು

ಹಲೋ... ಹಲೋ, ಯಾರು ಮಾತಾಡ್ತಿರೋದು? ಟೆಲ್ಫರ್ ಅವರ ಮನೇನಾ?

...

ಹಾಂ, ನಮಸ್ಕಾರ ಯಜಮಾನ್ರೇ. ನಾನು ರೋನಾ ಲೇಡ್ಲಾ ಅಂತ. ಎಟ್ರಿಕ್ ಕಣಿವೆ ಮೇಲ್ಗಡೆ ಕುರಿ ಇಟ್ಕೊಂಡಿದ್ದೀವಿ. ಸೆಲ್ಕರ್ಕ್ ಪೇಟೇಲಿ ಮೇವಿನ ಅಂಗಡಿ ಗೋಡೆ ಮೇಲೆ ನಿಮ್ಮ ಚೀಟಿ ನೋಡಿದೆ. ಹಳೇ ರೈಫಲ್ಲು, ಎಡಗೈಯವರಿಗೆ ಅಂತ... ಇದ್ಯಾ, ಹೋಯ್ತಾ?

...

ಇದ್ಯಾ. ಸದ್ಯ. ... ಏನಿಲ್ಲ, ಗಾಳಿ ಸದ್ದು ಅದು. ಗುಡ್ಡದ ಮೇಲಿನ ಗೇಟಿನ ಹತ್ರ ನಿಂತಿದ್ದೀನಿ. ನಮ್ಮ ಜಮೀನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗೋದು ಇಲ್ಲೊಂದೇ ಕಡೆ. ಮನೆ ಫೋನಲ್ಲಿ ಮಾಡಿದ್ರೆ ಅಮ್ಮನ ಕಿವಿಗೆ ಬೀಳುತ್ತೆ. ಕೋವಿ ಮಾತೆತ್ತಿದ್ರೆ ಅವಳಿಗಾಗಲ್ಲ. ಮಧ್ಯದಲ್ಲಿ ಕಟ್ಟಾದ್ರೆ ಬೇಜಾರ್ ಮಾಡ್ಕೋಬೇಡಿ.

...

ನರಿಗೆ. ಮತ್ತೆ ಜಿಂಕೆಗೆ. ಈ ಸಲ ಮರಿ ಹುಟ್ಟಿ ಮೈ ಒಣಗೋಕ್ ಮುಂಚೆ ನರಿ ಬಾಯಲ್ಲಿ ಇರ್ತವೆ. ಅತ್ಲಾಗೆ ನೆಟ್ಟ ಸಸಿನೆಲ್ಲ ಜಿಂಕೆ ಮೇಯ್ದು ಬರೀ ಕಡ್ಡಿ ಉಳಿಸಿವೆ. ಒಂದೊಂದಕ್ಕೆ ಒಂದೊಂದು ಕೋವಿ ತಗೊಳ್ಳೋ ಶ್ರೀಮಂತಿಕೆ ನಮಗೆಲ್ಲಿ ಬರಬೇಕು? ಟೂ-ಫೋರ್-ತ್ರೀ ಗುಂಡಿನ ಕೋವಿ ಆದ್ರೆ ಎರಡಕ್ಕೂ ಆಗುತ್ತೆ. ಅದೇ ತಾನೇ ನಿಮ್ಮದು?

...

ಲೈಸೆನ್ಸಿದೆ, ಅದೇ ಅಳತೆ ಬರೆಸಿದ್ದೀನಿ. ಹೊಸದರ ಬೆಲೆ ಕೇಳಿ ಅಂಗಡಿಯಿಂದ ಹಾಗೇ ಈಚೆ ಬಂದೆ. ಆದ್ರೆ ನಿಮ್ಮದು ತೀರಾ ಅಗ್ಗ ಅಲ್ವಾ? ತಪ್ಪು ತಿಳ್ಕೋಬೇಡಿ, ಅಗ್ಗ ಅಂತ ಮುಗ್ಗಲು ಜೋಳ ಕಟ್ಕೊಂಡು ಬಂದ್ಲು ಅಂತ ಅಪ್ಪನ ಹತ್ರ ಅನ್ನಿಸ್ಕೋಬಾರದು ನೋಡಿ. ನಳಿಗೆ ಒಳಗೆ ತುಕ್ಕು ಗಿಕ್ಕು? ತೋಟಾ ತುಂಬೋಕೆ ಎಳೆಯೋ ಬೋಲ್ಟು ಸಲೀಸಾಗಿ ಬರುತ್ತಾ? ನಳಿಗೆ ತುದಿಗೆ ಏಟು ಬಿದ್ದಿಲ್ಲ ತಾನೇ?

...

ಹಾಂ. ಹಾಂ. ... ಎಡಗೈದು ಅಂತಲೇ ಅಗ್ಗ. ಅದೂ ನಿಜ ಅನ್ನಿ, ಯಾರಿಗೆ ಬೇಕು. ನೀವು ಎಡಚರಾ? ... ಅಲ್ವಾ? ಮತ್ಯಾಕೆ ತಗೊಂಡ್ರಿ?

...

ನಗ್ತಿಲ್ಲ ಯಜಮಾನ್ರೇ. ಕಡಿಮೆಗೆ ಸಿಕ್ತು, ಅಭ್ಯಾಸ ಆಗುತ್ತೆ ಅಂತ ತಗೊಂಡ್ರಿ, ಅಷ್ಟೇ ಅಲ್ವಾ. ನೀವು ಅಡ್ಡಡ್ಡ ಕೈ ಹಾಕಿ ಬೋಲ್ಟು ಎಳೆಯೋಷ್ಟರಲ್ಲಿ ನರಿ ಪಕ್ಕದೂರು ಸೇರಿರುತ್ತೆ. ... ನಾನಾ? ನಾನೂ ಬಲಗೈಯವಳೇ. ಬರೆಯೋದು, ಉಣ್ಣೋದು, ಕುರಿ ಉಣ್ಣೆ ಕತ್ತರಿಸೋದು ಎಲ್ಲ ಬಲಗೈಲೇ. ಕೋವಿ ಮಾತ್ರ ಎಡಗೈ. ಕಲಿಸಿದವನು ಎಡಚ, ಮನೇಲಿದ್ದದ್ದು ಅವನದೊಂದೇ ಕೋವಿ. ... ಅಣ್ಣ. ಗ್ರೆಗರ್ ಅಂತ.

...

ಇಲ್ಲ. ಈಗಿಲ್ಲ. ಹೋದ್ವರ್ಷದ ಹಿಂದಿನ ವರ್ಷ, ಕುರಿ ಮರಿ ಹಾಕೋ ಕಾಲದಲ್ಲಿ. ನಾಲ್ಕು ಚಕ್ರದ ಬೈಕು ಮಗುಚಿ ಮೈಮೇಲೆ ಬಿತ್ತು. ... ಹಾಂ, ಗುಡ್ಡದಲ್ಲೇ. ಈ ಗೇಟಿನ ಹತ್ರಾನೇ.

...

ಅವನ ಕೋವೀನ ಅಪ್ಪ ಮಾರಿಬಿಟ್ರು. ಮಣ್ಣು ಮಾಡಿ ಬಂದ ವಾರದಲ್ಲೇ. ಅಮ್ಮ ಕೋವಿ ಬೀರು ಮುಂದೆ ಹೋಗಿ ಸುಮ್ನೆ ನಿಂತ್ಕೊಳ್ತಿದ್ಲು, ಅದನ್ನ ಅವರ ಕೈಲಿ ನೋಡೋಕಾಗ್ಲಿಲ್ಲ. ಕೋವಿ ಅಂಗಡಿಯವನು ಯಾರಿಗೆ ಕೊಟ್ನೋ, ನಾನೂ ಕೇಳ್ಲಿಲ್ಲ. ... ಇಲ್ಲಪ್ಪ, ಅದೇ ಕೋವಿ ಇರಬಹುದು ಅಂತೇನೂ ಅನ್ಕೊಂಡು ಫೋನ್ ಮಾಡ್ಲಿಲ್ಲ. ... ಸರಿ, ಅನ್ಕೊಂಡೇ ಮಾಡಿದೆ. ಕೆನ್ನೆ ಇಡೋ ಮರ ಇದ್ಯಲ್ಲ, ಅದರ ಕೆಳಗಡೆ ಸುಟ್ಟ ಗುರುತೇನಾದ್ರೂ ಇದ್ಯಾ?

...

ನೋಡ್ಕೊಂಡು ಬನ್ನಿ. ಕಾಯ್ತೀನಿ.

...

ಎಷ್ಟಗಲ? ... ಹೆಬ್ಬೆಟ್ಟಿನಷ್ಟು. ... ಅದೇ. ಅವನದೇ ಅದು. ಮಳೇಲಿ ನೆನೆದದ್ದನ್ನ ಒಲೆಗೆ ಒರಗಿಸಿ ನಿದ್ದೆ ಹೋಗಿದ್ದ. ಅವತ್ತು ಅಮ್ಮ ಬೈದದ್ದು ಕಣಿವೆಗೆಲ್ಲ ಕೇಳಿಸಿತ್ತು. ... ಅಳ್ತಿಲ್ಲ. ಚಳಿ, ಅದಕ್ಕೆ.

...

ಯಾಕೆ ಮಾರ್ತಿದ್ದೀರಿ? ಬರೀ ಕೈಗೆ ಹತ್ತಲಿಲ್ಲ ಅಂತಾನಾ? ... ಹೇಳಿ ಯಜಮಾನ್ರೇ. ಹೇಳಿ, ಹುಚ್ಚು ಅನ್ನಲ್ಲ.

...

ನಿಮ್ಮ ನಾಯೀನಾ? ... ಹಾಂ. ಹೊಸಬರನ್ನ ಕಂಡ್ರೆ ಆಗದ ನಾಯಿ. ... ನೀವು ಗುರಿ ಹಿಡಿದು ಮಲಗಿದ್ರೆ, ಪಕ್ಕದ ಬರೀ ಹುಲ್ಲು ನೋಡಿ ಬಾಲ ಆಡಿಸುತ್ತಾ? ಯಾವ ಪಕ್ಕ? ... ಬಲಕ್ಕೆ. ನಿಮ್ಮ ಬೇರೆ ಕೋವಿ ಒಯ್ದಾಗ? ... ಆಡಿಸಲ್ಲ. ಇದನ್ನ ಒಯ್ದಾಗ ಮಾತ್ರ.

...

ಬಲಕ್ಕೇ ಮಲಗ್ತಿದ್ದ, ನನಗೆ ಕಲಿಸುವಾಗ. ಈ ಕೋವೀಲಿ ಖಾಲಿ ತೋಟಾ ಎಡಕ್ಕೆ ಹಾರುತ್ತಲ್ಲ, ಮುಖಕ್ಕೆ ಬಡೀಬಾರದು ಅಂತ.

...

ಹೆದರಿಕೆ ಅಲ್ಲ. ಹೊಟ್ಟೆಕಿಚ್ಚು. ಎಷ್ಟು ಸಲ ಈ ಗೇಟಿಗೆ ಬಂದು ನಿಂತಿದ್ದೀನಿ, ನನ್ನ ನಾಯಿ ಒಂದು ದಿನಾನೂ ಬಾಲ ಆಡಿಸಲಿಲ್ಲ. ... ಅವತ್ತು ಅವನು ಇಲ್ಲಿಂದಲೇ ಫೋನ್ ಮಾಡಿದ್ದ. ನಾನು ಕೊಟ್ಟಿಗೇಲಿದ್ದೆ. ಒಂದು ಕುರಿಗೆ ಮರಿ ಅಡ್ಡ ತಿರುಗಿತ್ತು, ಮೊಣಕೈವರೆಗೂ ಕೈ ಒಳಗೆ. ಗೋಡೆ ಫೋನು ಹೊಡ್ಕೊಂಡೂ ಹೊಡ್ಕೊಂಡೂ ತಾನಾಗೇ ನಿಂತ್ಹೋಯ್ತು. ಯಾರೋ ಏನೋ ಅಂದ್ಕೊಂಡೆ. ಆಮೇಲೆ ಅವನ ಮೊಬೈಲ್ ನೋಡಿದಾಗ ಗೊತ್ತಾಯ್ತು. ಬೀಳೋಕ್ ಮುಂಚೆ ಮಾಡಿದ್ನೋ, ಬಿದ್ಮೇಲೋ. ಊಟಕ್ಕೆ ತಡ ಆಗುತ್ತೆ ಅಂತಿದ್ನೋ, ಬೇಗ ಬಾ ಅಂತಿದ್ನೋ. ಅದೊಂದು ತಿಳಿದಿದ್ರೆ ಸಾಕಿತ್ತು ನನಗೆ.

...

ಕೊಡ್ತೀರಾ ಹಾಗಾದ್ರೆ? ... ನರಿಗೇ ತಗೊಳ್ತಿರೋದು ಯಜಮಾನ್ರೇ. ... ಸರಿ, ನರಿಗೂ. ಇವತ್ತೇ ಬರ್ತೀನಿ, ಬೇರೆ ಯಾರಿಗೂ ತೋರಿಸ್ಬೇಡಿ. ಅಮ್ಮನಿಗೆ ನಾನು ಹೇಳ್ಕೋತೀನಿ.

...

ಯಾರನ್ನ ಕೇಳ್ಬೇಕು? ... ನನ್ನ ಜೊತೆ ಯಾರೂ ಇಲ್ವಲ್ಲ. ಒಬ್ಬಳೇ ಬಂದಿದ್ದೀನಿ. ಅಪ್ಪ ಕೆಳಗೆ ಕೊಟ್ಟಿಗೇಲಿದ್ದಾರೆ.

...

ಗಾಳಿ ಇರ್ಬೇಕು. ... ಗಂಡಸಿನ ದನೀನಾ? ನನ್ನ ಪಕ್ಕದಲ್ಲೇ? ... ಯಾವಾಗಿಂದ? ... ನಾನು ಹಲೋ ಅಂದಾಗಿಂದ. ಮನೆಯವರು ಯಾರೋ ಅಂದ್ಕೊಂಡು ಸುಮ್ನಿದ್ರಾ?

...

ನನಗೇನೂ ಕೇಳಿಸ್ತಿಲ್ಲ. ಯಜಮಾನ್ರೇ, ಫೋನನ್ನ ಕಿವಿಗೆ ಒತ್ತಿ ಹಿಡೀರಿ. ನಾನು ಮಾತಾಡಲ್ಲ. ಅವನು ಏನಂತಿದ್ದಾನೆ, ಅಷ್ಟು ಮಾತ್ರ ಹೇಳಿ.

...

...

ಹಾಂ? ನೀವಂದದ್ದು ಅರ್ಧ ಕೇಳಿಸ್ತು, ಇನ್ನೊಂದ್ಸಲ ಹೇಳಿ. ... ರೋನಾ ಅಂದ. ಹಾಂ, ನನ್ನ ಹೆಸರು. ಆಮೇಲೆ? ... ಆಮೇಲೇನಂದ? ... ಹಲೋ? ಯಜಮಾನ್ರೇ? ಇದ್ದೀರಾ? ಹಲೋ...

...

ಅಣ್ಣಾ?