ತವರಿನ ಸೀರೆ

ಅಯ್ಯೋ ನಗ್ಬೇಡಿ ವಂದನಾ ಆಂಟಿ, ನಿಜವಾಗ್ಲೂ ದೋಣೀನೇ! ಹಾಯಿ ಕಟ್ಟಿರೋ ಯಾಟು. ನಾಳೆ ಬೆಳಗ್ಗೆ ಒಪುವಾ ಬಂದರಿಂದ ಹೊರಟ್ರೆ ಸೀದಾ ಆಸ್ಟ್ರೇಲಿಯಾ. ನಮ್ಮೂರ ಕೆರೇಲಿ ತೆಪ್ಪ ಹತ್ತಕ್ಕೂ ಹೆದರ್ತಿದ್ದೋಳು ನಾನು... ಹೂಂ, ನಂಗೂ ನಗು ಬರುತ್ತೆ. ನಿಮ್ಮ ಈ ನಿಧಿಗೆ ಹುಚ್ಚು ಹಿಡಿದಿದೆ ಅಂತಾನೇ ಅಂದ್ಕೊಳ್ಳಿ.

ಶ್ಶ್, ಮೆತ್ತಗೆ! ಪಾಪು ಈಗ ತಾನೆ ಮಲಗಿದಾಳೆ. ಸೋಫಾ ಮೇಲೇ ಇರ್ಲಿ ಬಿಡಿ, ದಿಂಬು ಅಡ್ಡ ಇಟ್ಟಿದೀನಿ. ಸಂಜೆ ತನಕ ನೋಡ್ಕೊಳ್ಳಿ, ಅಷ್ಟೇ. ನಾವಿಬ್ರೂ ಹೋಗಿ ಅವಳಿಗೊಂದು ಪುಟ್ಟ ಲೈಫ್ ಜಾಕೆಟ್ ತಗೊಂಡು ಬಂದ್ಬಿಡ್ತೀವಿ. ವಿಶ್ವಾಸಾ? ಕೆಳಗೆ ಕಾರಲ್ಲಿ ಕೂತಿದಾನೆ. ಕರೆದೆ, ಬರಲ್ಲಂತೆ. ನನ್ನ ಗಂಡ ನಿಮಗೆ ಗೊತ್ತಲ್ಲ, ನಾಚಿಕೆ ಅವನಿಗೆ.

ಹಂಗೆ ನೋಡ್ಬೇಡಿ. ಬೇರೆ ದಾರಿ ಇದ್ರೆ ಹೇಳಿ! ಆಶ್ರಯ ಕೊಡಿ ಅಂತ ಈ ನ್ಯೂಜಿಲೆಂಡಿನವರನ್ನ ಬೇಡ್ಕೊಂಡ್ವಿ, ಆಗಲ್ಲ ಅಂದ್ರು. ಅಪೀಲು ಹಾಕಿದ್ವಿ, ಅದೂ ಆಗಲ್ಲ. ಇನ್ನು ಹಿಡಿದು ಇಂಡಿಯಾಕ್ಕೆ ಕಳಿಸೋದೊಂದೇ ಬಾಕಿ. ಅಲ್ಲಿ ನಮ್ಮಣ್ಣ ವಾಸುದೇವ ಕಾಯ್ತಿದಾನೆ. ಬೇರೆ ಜಾತಿಯೋನ್ನ ಕಟ್ಕೊಂಡೆ ಅಂತ ವಿಶ್ವಾಸ್ ಭುಜಕ್ಕೆ ಮಚ್ಚು ಬೀಸಿದೋನು! ಕತ್ತು ತಪ್ಪಿತಲ್ಲಾ ಅಂತ ಇವತ್ತಿಗೂ ಪೇಚಾಡ್ತಾನಂತೆ. ಇಲ್ಲಿನ ಆಫೀಸರುಗಳು ಏನಂತಾರೆ ಗೊತ್ತಾ, ನಿಮ್ಮೂರು ಮಂಡ್ಯ ಬೇಡ ಅಂದ್ರೆ ಬೆಂಗಳೂರಲ್ಲಿ ಇರಿ ಅಂತಾರೆ. ನಾವು ಬೆಂಗಳೂರಲ್ಲಿ ಇದ್ದಾಗ್ಲೇ ಅಲ್ವಾ ಅವನು ಮಚ್ಚು ಹಿಡ್ಕೊಂಡು ಬಂದಿದ್ದು!

ಆಸ್ಟ್ರೇಲಿಯಾದಲ್ಲೂ ಹಿಡಿದ್ರೆ? ಹಿಡೀಲಿ. ಹಿಡಿಯೋ ತನಕನಾದ್ರೂ ಬದುಕಿರ್ತೀವಲ್ಲ.

ಮತ್ತೆ ಆ ಸೀರೆ ಮಾತು ಎತ್ಬೇಡಿ ಆಂಟಿ. ನಿಮ್ಮ ತಪ್ಪಲ್ಲ, ಎಷ್ಟು ಸಲ ಹೇಳ್ಲಿ? ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ ತವರಿಂದ ಬರ್ಬೇಕು. ನಂಗೆಲ್ಲಿ ತವರು? ನೀವು ಆಸ್ಪತ್ರೆ ಡ್ಯೂಟಿ ಮುಗಿಸ್ಕೊಂಡು ಆಕ್ಲೆಂಡ್ ಎಲ್ಲಾ ಅಲೆದು ತಂದ್ರಿ. ಬಂದ ಹೆಂಗಸರ ಮುಂದೆ ನಾನು ಸಣ್ಣವಳಾಗಬಾರದು ಅಂತ, ಇದು ತವರಿನ ಸೀರೆ ಕಣ್ರೇ ಅಂದ್ರಿ. ನಾನೂ ಹೂಂ ಅಂದೆ. ಹಾಗೇ ಬರೆದು ಫೇಸ್‌ಬುಕ್ಕಲ್ಲಿ ಫೋಟೋನೂ ಹಾಕಿ ಮೆರೆದೆ! ನಮ್ಮ ಕೇಸು ನೋಡಿದ ಆ ಪುಣ್ಯಾತ್ಮರು ಅದನ್ನೇ ಹಿಡ್ಕೊಂಡ್ರು. ತವರಿನವರು ಸೀರೆ ಕಳಿಸ್ತಾರೆ ಅಂದ್ಮೇಲೆ ಕೊಲ್ತಾರೆ ಅನ್ನೋದು ಸುಳ್ಳಂತೆ. ನಾನೇ ತಂದಿದ್ದು ಅಂತ ನೀವೇ ಬಂದು ಹೇಳಿದ್ರೂ ನಂಬ್ಲಿಲ್ಲ. ಬಸುರಿ ಮರ್ಯಾದೆ ಉಳಿಸಕ್ಕೆ ಯಾರಾದ್ರೂ ಹಿಂಗೊಂದು ಸುಳ್ಳು ಹೇಳ್ತಾರೆ ಅಂತ ಅವರಿಗೆ ಹೆಂಗೆ ತಿಳಿಸೋದು?

ಅಳ್ಬೇಡಿ. ನೀವು ಅತ್ರೆ ನಾನೂ... ಥೂ, ಕಣ್ಣೊರೆಸ್ಕೊಳ್ಳಿ. ಕೇಳಿಲ್ಲಿ, ಪಾಪು ಎದ್ದ ಕೂಡ್ಲೆ ರಾಗಿ ಸರಿ ಕೊಡಿ, ತುಪ್ಪ ಹಾಕಿದ್ರೇನೇ ತಿನ್ನೋದು ರಾಣಿ. ಹಲ್ಲು ಬರ್ತಿದೆ, ರಾತ್ರಿ ಎದ್ದು ಚಂಡಿ ಹಿಡೀತಾಳೆ, ಆಗ ಹೆಗಲ ಮೇಲೆ ಹಾಕ್ಕೊಂಡು...

ಏನು? ರಾತ್ರಿ ಅಂದ್ನಾ? ಮಧ್ಯಾಹ್ನ, ಮಧ್ಯಾಹ್ನ. ಸಂಜೆಗೆ ಬಂದೇ ಬರ್ತೀನಲ್ಲ.

ಚೀಲ ಯಾಕೆ ಬಿಚ್ತೀರಾ? ಡೈಪರ್ ಮೇಲ್ಗಡೇನೇ ಇದೆ. ಒಳಗೆ ಏನಿಲ್ಲ ಆಂಟಿ, ಬರೀ ಬಟ್ಟೆ... ಕೈ ಹಾಕ್ಬೇಡಿ ಅಂದೆ!

ಅದಾ... ಫ್ರಾಕು. ಸ್ವಲ್ಪ ದೊಡ್ಡದು. ಸೇಲಲ್ಲಿ ಸಿಕ್ತು, ಮಕ್ಕಳು ಬೇಗ ಬೆಳೀತಾರಲ್ಲ ಅಂತ... ಅದೂ ಅಷ್ಟೇ. ಹೂಂ. ಅದು ಸ್ಕೂಲಿಗೆ ಹಾಕೋ ಬೂಟು.

ಆಂಟಿ...

ಏನಾದ್ರೂ ಅನ್ನಿ. ಬೈಯಿರಿ, ಎರಡು ಬಾರಿಸಿ! ನಿಮ್ಮ ದಮ್ಮಯ್ಯ, ಆ ಬೂಟು ಹಿಂಗೆ ಎದೆಗೊತ್ಕೊಂಡು ಕೂರ್ಬೇಡಿ.

ದೋಣಿಯೋನು ಮಗು ಬೇಡ ಅಂದ. ಅವನು ಹೂಂ ಅಂದಿದ್ರೂ ಆ ಸಮುದ್ರಕ್ಕೆ ಇವಳನ್ನ ಹೆಂಗೆ ಕರ್ಕೊಂಡು ಹೋಗ್ಲಿ? ಚೀಲದ ತಳದಲ್ಲಿ ಆ ಹಸಿರು ಸೀರೆ ಇದೆ, ಹೊದಿಸಿ. ಒಗೆದಿಲ್ಲ. ನನ್ನ ವಾಸನೆ ಇದ್ರೆ ಮಲಗ್ತಾಳೆ. ಕೂಸನ್ನ ತವರಲ್ಲಿ ಬಿಟ್ಟು ಹೋಗೋದು ಏನು ಹೊಸದಾ ಆಂಟಿ? ಅಷ್ಟು ಜನರ ಮುಂದೆ ತವರು ಅಂದೋರು ನೀವೇ ತಾನೆ!

ಬೇಡ... ಎತ್ಬೇಡಿ ಅವಳನ್ನ. ನನ್ನ ಕೈಗೆ ಕೊಡ್ಬೇಡಿ ಆಂಟಿ. ಕೊಟ್ರೆ ನಾನು ಮೆಟ್ಟಿಲು ಇಳಿಯಲ್ಲ.