ಕಪಿಲೆ ಬಾವಿಯ ಸೊಲ್ಲು

ಇದು ನಮ್ಮ ಚಿಕ್ಕಪ್ಪನ ಮಗ ಪುಟ್ಟಮಾದಪ್ಪನಿಗೆ ಆದದ್ದು. ಬಂಡಳ್ಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಸರಿರಾತ್ರೀಲಿ ಒಬ್ಬನೇ ಅಲ್ಲಿಂದ ನಮ್ಮ ದೊಡ್ಡಿ ಕಡೆ, ಹತ್ತಾರು ಮನೆಯ ನಮ್ಮ ಹಳ್ಳಿ ಕಡೆ, ನಡೀತಿದ್ದ. ಕೈಲಿ ಲಾಟೀನಿತ್ತು, ಹಚ್ಚಿರಲಿಲ್ಲ. ಯಾರಾದ್ರೂ ಮುಖ ನೋಡಿಬಿಟ್ರೆ... ಅಂತ.

ಆಗಿದ್ದಿಷ್ಟೇ. ಬಂಡಳ್ಳೀಲಿ ಕೆಂಪನಂಜಪ್ಪನೋರ ಮೇಳ ಇತ್ತು, ಮಾದಪ್ಪ ದೇವರ ಪದ ಹಾಡೋದು. ಅವರು ಮುಂದೆ ಕೂತು ಕತೆ ಹಾಡಿದ್ರೆ ಹಿಂದಿನೋರು ಸೊಲ್ಲು, ಅಂದ್ರೆ ಪಲ್ಲವಿ, ಹಿಡೀಬೇಕು. ಒಬ್ಬ ಉಸಿರು ತಗೊಳ್ಳೋವಾಗ ಇನ್ನೊಬ್ಬ ಎಳೀತಿರಬೇಕು. ಸೊಲ್ಲು ಮುರೀಬಾರದು. ಹಿಂದಿನೋರಲ್ಲಿ ಒಬ್ಬ ಮಾರ್ಟಳ್ಳಿಗೆ ಮನೆಅಳಿಯ ಆಗಿ ಹೋದ. ಆ ಜಾಗಕ್ಕೆ ಪುಟ್ಟಮಾದಪ್ಪನ್ನ ಹಾಡಿಸಿ ನೋಡೋಣ ಅಂದಿದ್ರು. ಇವನು 'ನೋಡೋಣ' ಅನ್ನೋದನ್ನ ಬಿಟ್ಟು, ಮೇಳಕ್ಕೆ ಸೇರಿಬಿಟ್ಟೆ ಅಂತ ದೊಡ್ಡಿಗೆಲ್ಲ ಹೇಳಿದ್ದ. ಹೆಂಡ್ತಿ ಶಂಕರಮ್ಮ ಮನೆಮನೆಗೆ ಬೆಲ್ಲ ಹಂಚಿದ್ಲು.

ಅವತ್ತು ರಾತ್ರಿ ಹಾಡಿಸಿದ್ರು. ಮೊದಲನೇ ಸೊಲ್ಲಿನ ಅರ್ಧಕ್ಕೇ ಉಸಿರು ಕಟ್ಟಿ... ಕೀಂಯ್ ಅಂತ ಹಳೇ ಬಾಗಿಲು ತೆಗೆದಂಗೆ ಒಂದು ಸದ್ದು ಬಂತು. ಅದೂ ನಿಂತು, ತಾಳ ಒಂದೇ ಕಿಣ್... ಕಿಣ್... ಅಂತು.

"ಮನೇಲಿ ಎಮ್ಮೆ ಅದಾವೇನಪ್ಪಾ?" ಅಂದ್ರು ಕೆಂಪನಂಜಪ್ಪ.

"ಎಲ್ಡವೆ ಕಣಯ್ಯ."

"ಅವುನ್ನ ಕೂಗಕ್ಕೆ ಸಾಕು ಈ ದನಿ. ಓಗ್ಬಾ."

ಎಲ್ರೂ ನಕ್ಕರು. ತಾಳದೋನು ತಾಳ ಕೆಳಗಿಟ್ಟು ನಕ್ಕ.

ಅದಕ್ಕೇ ಇವನು ಯಾರೂ ಓಡಾಡದ, ಎತ್ತು ಕಟ್ಟಿ ನೀರೆತ್ತೋದು ನಿಂತುಹೋದ ಹಳೇ ಕಪಿಲೆ ಬಾವಿ ಹಾದಿ ಹಿಡಿದಿದ್ದು. ಬಾವಿ ಪಕ್ಕ ಆಲದಮರ. ಒಂದೆಲೆ ಅಲುಗ್ತಿರಲಿಲ್ಲ. ಶಂಕರಮ್ಮ ಎದ್ದಿರ್ತಾಳೆ... ಏನಂತ ಹೇಳೋದು? ಇನ್ನೊಂದ್ಸಲ ನೋಡೋಣ ಅಂತ ಸಣ್ಣಗೆ ಸೊಲ್ಲು ಎತ್ತಿದ. ಅದೇ ಜಾಗದಲ್ಲಿ ಉಸಿರು ನಿಂತುಹೋಯ್ತು.

ಸೊಲ್ಲು ನಿಲ್ಲಲಿಲ್ಲ.

ಬಾವಿಯಿಂದ... ತೊಟಕ್, ತೊಟಕ್ ಅಂತ ನೀರು ತೊಟ್ಟಿಕ್ಕೋ ಸದ್ದು. ಅದರ ಮೇಲೆ ತೆಳ್ಳಗೆ ಒಂದು ಗಂಡಸಿನ ದನಿ. ಇವನು ಬಿಟ್ಟ ಕಡೆಯಿಂದಲೇ ಎಳೀತಿದೆ. ಎಳೆದು, ನಿಧಾನ ಇಳಿಸಿ, ನಿಲ್ಲಿಸ್ತು.

"ಯಾರ್ಲಾ ಅದು?" ಪಿಸುಗುಟ್ಟಿದ.

"ಉಸ್ರು ತಕಂಡ್ಯಾ?" ಕಿವಿ ಪಕ್ಕದಲ್ಲೇ. "ಇಡ್ಕೊ ಮತ್ತೆ."

ಬೇರೆಯೋರಾಗಿದ್ರೆ ಓಡ್ತಿದ್ರು. ಇವನೂ ಓಡೋಕೆ ತಿರುಗಿದ. ಆದ್ರೆ ಓಡಿದ್ರೆ ಹೋಗಬೇಕಾದ್ದು ಮನೆಗೆ. ಅಲ್ಲಿ ಶಂಕರಮ್ಮ. ಬಾವಿನೇ ವಾಸಿ ಅನ್ನಿಸ್ತು. ಹಿಡ್ಕೊಂಡ. ಇವನು ಬಿಟ್ರೆ ಅದು, ಅದು ಬಿಟ್ರೆ ಇವನು. ಸೊಲ್ಲು ಮುರೀಲೇ ಇಲ್ಲ.

"ನನ್ ಜೊತೆ ಬತ್ತೀಯಾ?" ಅಂದ ಪುಟ್ಟಮಾದಪ್ಪ.

ವಾಪಸ್ ಬಂಡಳ್ಳಿ ಕಡೆ ಹೊರಟ. ಒದ್ದೆ ಕಾಲಿನ ಸದ್ದು ಮಾತ್ರ... ಪಚ್... ಪಚ್... ಹಿಂದೇನೇ.

ಕೆಂಪನಂಜಪ್ಪನೋರ ಬಾಗಿಲು ಬಡಿದ. ಚಿಲಕ ಕಿರ್ ಅಂತು.

"ಏನ್ಲಾ, ಈ ಒತ್ನಲ್ಲಿ?"

"ಇನ್ನೊಂದ್ಸಲ ಕೇಳಿ ಅಯ್ಯಾ. ಒಂದೇ ಸಲ."

ಮುದುಕರು ಬುಡ್ಡಿದೀಪ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ್ರು. ಇವನು ಎತ್ತಿದ. ಉಸಿರು ಕಟ್ತು. ಹಿಂದಿನ ಕತ್ತಲೆಯಿಂದ ದನಿ ಹಿಡ್ಕೊಳ್ತು... ಇವನು ಉಸಿರು ತಗೊಂಡು ಬಾಯಿ ತೆಗೆದ. ದನಿ ಜಾಗ ಬಿಡಲಿಲ್ಲ. ಮತ್ತೆ ಬಾಯಿ ತೆಗೆದ. ಬಿಡಲಿಲ್ಲ. ಕೊನೇತನಕ ಅದೊಂದೇ ಹಾಡ್ತು. ಇವನು ಬಾಯಿ ತೆಗೆದುಕೊಂಡೇ ನಿಂತಿದ್ದ.

ಕೆಂಪನಂಜಪ್ಪ ಕಣ್ಣು ಬಿಟ್ರು. "ನಿನ್ ಇಂದ್ಗಡೆ ನಿಂತವ್ನಲ್ಲ... ಅವ್ನ ಒಳಿಕ್ಕೆ ಕಳಿಸು. ಅವ್ನ ತಕಂತೀವಿ."

"ನಾನು?"

"ನೀನು ಓಗ್ಬಾ."

ಕಾರ್ತೀಕದಲ್ಲಿ ಮೇಳ ನಮ್ಮ ದೊಡ್ಡಿಗೇ ಬಂತು. ಕೂತು ಹಾಡಿದೋರು ನಾಲ್ಕು ಜನ. ಊಟಕ್ಕೆ ಕೆಂಪನಂಜಪ್ಪ ಐದು ಎಲೆ ಹಾಕಿಸಿದ್ರು. ಬಡಿಸಿದೋನು ಪುಟ್ಟಮಾದಪ್ಪನೇ, ತಲೆ ಎತ್ತಲಿಲ್ಲ. ಐದನೇ ಎಲೆಗೆ ಮುದ್ದೆ ಇಡೋವಾಗ ಶಂಕರಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ಲು.

ಸುಳ್ಳು ಅನ್ನೋರು ಅನ್ನಿ, ನನಗೇನು. ಅವತ್ತು ಎಲೆ ಎತ್ತಿದೋನು ನಾನು. ಐದನೇದೂ ಖಾಲಿಯಾಗಿತ್ತು. ಉಂಡೋರು ಮಡಚ್ತಾರಲ್ಲ, ಹಂಗೇ ಒಳಮುಖಕ್ಕೆ ಮಡಚಿಟ್ಟಿತ್ತು.