ಗಾಜಿನಲ್ಲಿ ಬೂಷ್ಟು ಹುಡುಕಿದವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂದ ಕೂಡಲೇ ನಿಮ್ಮ ಮನಸ್ಸು ಪೇಟ, ಪಲ್ಲಕ್ಕಿ ಅಂತ ಹೊರಟುಬಿಡುತ್ತದೆ. ಅಷ್ಟು ದೂರ ಹೋಗಬೇಡಿ. ಇವನು ನಮ್ಮ ಕಾಲದವನೇ. ಬೆಳಿಗ್ಗೆ ಎದ್ದು ನಮ್ಮ ಹಾಗೆಯೇ ಹಾಲಿನ ಪ್ಯಾಕೆಟ್ಟು ಒಳಗೆ ತರುತ್ತಿದ್ದವನು. ಹೆಸರು ಹೇಳುವುದಿಲ್ಲ. ಹೇಳಿದರೆ, 'ಸದ್ಯ, ನಮ್ಮ ಮನೆಯ ಕಥೆಯಲ್ಲ' ಅಂತ ನೀವು ಗುಡಿಯ ಗೋಡೆಗೆ ಒರಗಿ ಕೂತುಬಿಡುತ್ತೀರಿ.

ಈ ಶ್ರೀಮಂತನಿಗೆ ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹುಚ್ಚು, ಫೋಟೊ ತೆಗೆಯುವುದು. ಒಳ್ಳೆಯ ಹುಚ್ಚೇ, ಬೈಯಬೇಡಿ. ನಾಲ್ಕು ವರ್ಷದ ಒಬ್ಬಳೇ ಮಗಳು. ಅವಳ ಫೋಟೊ ತೆಗೆಯುವುದಕ್ಕೆಂದೇ ಹೊಸ ಕ್ಯಾಮೆರಾ ತಂದಿದ್ದ. ಫುಲ್ ಫ್ರೇಮ್, ಮಿರರ್‌ಲೆಸ್ ಅಂತೆಲ್ಲ ಹೇಳುತ್ತಾರೆ. ನಮಗೆ ಇಷ್ಟು ತಿಳಿದರೆ ಸಾಕು, ಅದು ಬಹಳ ಜಾಣ ಕ್ಯಾಮೆರಾ. ಮಗು ಓಡಲಿ, ಕುಣಿಯಲಿ, ಅದರ ಕಣ್ಣು ಎಲ್ಲಿದೆ ಅಂತ ತಾನೇ ಹುಡುಕಿ, ಕಣ್ಣಿನ ಮೇಲೆ ಒಂದು ಹಸಿರು ಚೌಕ ಇಟ್ಟು, ಸ್ಪಷ್ಟವಾಗಿ ಹಿಡಿದುಬಿಡುತ್ತದೆ. ಅಪ್ಪ ಗುಂಡಿ ಒತ್ತಿದರೆ ಮುಗಿಯಿತು. ಒಂದು ವರ್ಷದಲ್ಲಿ ಹನ್ನೊಂದು ಸಾವಿರ ಫೋಟೊ. ನೋಡಿ, ಹನ್ನೊಂದು ಸಾವಿರ ಸಲ ಆ ಹಸಿರು ಚೌಕ ಮಗುವಿನ ಕಣ್ಣಿನ ಮೇಲೆ ಕೂತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಯಾರೋ ಅವನಿಗೆ ಹೇಳಿದರು, "ಹಳೆಯ ಕಾಲದ ಲೆನ್ಸ್ ಹಾಕಿ ನೋಡಿ. ಮುಖ ತುಪ್ಪ ಸವರಿದ ಹಾಗೆ ಬರುತ್ತೆ." ಮುಚ್ಚಿಹೋದ ಒಂದು ಸ್ಟುಡಿಯೊದಿಂದ ಐವತ್ತು ವರ್ಷದ ಲೆನ್ಸ್ ತಂದ. ಹಿತ್ತಾಳೆ ಲೋಟದ ಹಾಗೆ ಭಾರ. ಹೊಸ ಕ್ಯಾಮೆರಾಕ್ಕೂ ಹಳೆಯ ಲೆನ್ಸಿಗೂ ನಡುವೆ ಅಡಾಪ್ಟರ್ ಅನ್ನುವ ಒಂದು ಬಳೆ ಹಾಕಿ ಕೂರಿಸಿದ. ಗುಂಡಿ ಒತ್ತಿದರೆ ಕ್ಯಾಮೆರಾ ಜಪ್ಪಯ್ಯ ಅನ್ನಲಿಲ್ಲ. 'ಲೆನ್ಸ್ ಇಲ್ಲ' ಅಂತ ತೋರಿಸಿತು. ಹಳೆಯ ಲೆನ್ಸಿನ ಗುರುತು ಅದಕ್ಕೆಲ್ಲಿಂದ ಬರಬೇಕು?

ಹೆಂಡತಿ ಇಣುಕಿ ನೋಡಿ ನಕ್ಕಳು. "ಕಣ್ಣೆದುರಿಗೆ ಇದ್ದರೂ ಇಲ್ಲ ಅನ್ನುತ್ತಲ್ಲ ರೀ! ಇದೂ ನಿಮ್ಮ ಮನೆಯ ಗಂಡಸರ ಹಾಗೇ ಇದೆ."

ಅವನು ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಲ್ಲೋ ಒಳಗೆ ಹುಡುಕಿ, 'ಲೆನ್ಸ್ ಇಲ್ಲದಿದ್ದರೂ ತೆಗಿ' ಅಂತ ಅದಕ್ಕೆ ಅಪ್ಪಣೆ ಕೊಟ್ಟ. ಆದರೆ ಈಗ ಹಸಿರು ಚೌಕವಿಲ್ಲ. ಲೆನ್ಸಿನ ಉಂಗುರವನ್ನು ತಾನೇ ಕೈಯಿಂದ ತಿರುಗಿಸಬೇಕು. ಒಂದು ಗುಂಡಿ ಒತ್ತಿದರೆ ಕಣ್ಣು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡುತ್ತಾ, ಉಸಿರು ಹಿಡಿದು, ಎಳ್ಳಷ್ಟೆಳ್ಳಷ್ಟೇ ತಿರುಗಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಇದು ಗೊತ್ತು. ಮೊರದ ಮೇಲೆ ಕಣ್ಣಾಡಿಸಿದರೆ ಸಾಲದು, ಕಣ್ಣು ಊರಬೇಕು.

ಅವರೆಕಾಯಿ ಕಾಲ. ಒಂದು ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ತಾಯಿ ಮಗಳು ಕೂತು ಕಾಯಿ ಸುಲಿಯುತ್ತಿದ್ದರು. "ಪುಟ್ಟಿ, ಇಲ್ಲಿ ನೋಡಮ್ಮ" ಅಂದ. ಗುಂಡಿ ಒತ್ತಿ ಅವಳ ಎಡಗಣ್ಣು ದೊಡ್ಡದು ಮಾಡಿದ. ಉಂಗುರ ತಿರುಗಿತು. ಮೊದಲು ರೆಪ್ಪೆಯ ಕೂದಲು ಬಂತು. ಆಮೇಲೆ ಕಂದು ಬಣ್ಣದ ಸುತ್ತು ಬಂತು. ಆಮೇಲೆ ನಡುವಿನ ಕಪ್ಪು. ಆ ಕಪ್ಪಿನೊಳಗೆ, ಕಪ್ಪೇ ಇರಬೇಕಾದ ಕಡೆ, ಗಂಜಿ ತಿಳಿಯಂಥ ಒಂದು ಬಿಳಿ ಚುಕ್ಕಿ.

ಈಗ ಹೇಳಿ. ಅವನು ಏನು ಮಾಡಬೇಕಿತ್ತು? ಹೌದು, ಕ್ಯಾಮೆರಾ ಕೆಳಗಿಟ್ಟು ಮಗುವಿನ ಹತ್ತಿರ ಹೋಗಬೇಕಿತ್ತು. ಅವನೇನು ಮಾಡಿದ? ಲೆನ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದ! ಹಳೆಯ ಲೆನ್ಸ್ ಇಟ್ಟುಕೊಂಡವರಿಗೆಲ್ಲ ಇರುವುದು ಒಂದೇ ಭಯವಂತೆ. ತೇವದ ಕಪಾಟಿನಲ್ಲಿದ್ದ ಲೆನ್ಸಿನ ಗಾಜಿನೊಳಗೆ ಬೂಷ್ಟು ಬೆಳೆಯುತ್ತದೆ, ನಮ್ಮ ಉಪ್ಪಿನಕಾಯಿಗೆ ಬರುವ ಹಾಗೆ. ಬಿಳಿ ಕಂಡರೆ ಬೂಷ್ಟು. ಅವನ ತಲೆಗೆ ಬಂದದ್ದು ಅದೊಂದೇ.

ಹೆಂಡತಿ ಸುಲಿಯುವ ಕೈ ನಿಲ್ಲಿಸಿ ಹೇಳಿದಳು, "ರೀ, ಹೇಳೋಣ ಹೇಳೋಣ ಅಂತಿದ್ದೆ. ಕಣ್ಣಾಮುಚ್ಚಾಲೆ ಆಡುವಾಗ ಇವಳ ಎಡಗಣ್ಣು ಮುಚ್ಚಿದರೆ ಸುಮ್ಮನೆ ನಗ್ತಿರ್ತಾಳೆ. ಬಲಗಣ್ಣು ಮುಚ್ಚಿದರೆ ಕೈ ಕಿತ್ತು ಅಳ್ತಾಳೆ. ಯಾಕೋ ನನಗೆ..."

"ಹಟ ಕಣೇ ಅದು. ತಡಿ, ಲೆನ್ಸಲ್ಲಿ ಏನೋ ಸೇರಿಕೊಂಡಿದೆ."

"ಮಗೂಗೆ ಏನೂ ಇಲ್ಲ ತಾನೆ?"

"ಏನೂ ಇಲ್ಲ."

ತಾಯಿಯಾದರೂ ಎತ್ತಿಕೊಂಡು ಹೋಗಬಾರದಿತ್ತೇ ಅಂತ ಕೇಳುತ್ತೀರಿ. ಗೊತ್ತು, ಕೇಳಿಯೇ ಕೇಳುತ್ತೀರಿ. ಅಮ್ಮಂದಿರೇ, ಹೆದರಿದ ತಾಯಿ 'ಏನೂ ಇಲ್ಲ' ಅನ್ನುವ ಮಾತಿಗಾಗಿಯೇ ಕಾದಿರುತ್ತಾಳೆ. ಅದನ್ನು ಯಾರು ಹೇಳಿದರೂ ನಂಬಿಬಿಡುತ್ತಾಳೆ. ನಾವು ನಂಬಿಲ್ಲವೇ?

ಲೆನ್ಸನ್ನು ಪರವೂರಿನ ಒಬ್ಬ ಮುದುಕ ರಿಪೇರಿಯವರಿಗೆ ಕಳಿಸಿದ. ಮೂರು ವಾರ. ವಾಪಸು ಬಂತು, ಜೊತೆಗೊಂದು ಚೀಟಿ: 'ಬೂಷ್ಟು ಇಲ್ಲ. ಒರೆಸಿ ಕಳಿಸಿದ್ದೇನೆ.' ಮಗುವನ್ನು ಕೂರಿಸಿ ತೆಗೆದ. ಚುಕ್ಕಿ ಇತ್ತು. "ಆ ಮುದುಕನಿಗೇ ಕಣ್ಣು ಸರಿಯಿಲ್ಲ" ಅಂದ. ಅಡಾಪ್ಟರ್ ಕೆಟ್ಟದ್ದಿರಬೇಕು ಅಂತ ಇನ್ನೊಂದು ತರಿಸಿದ. ಎರಡು ವಾರ. ಚುಕ್ಕಿ ಇತ್ತು. ಕಿಟಕಿಯ ಬೆಳಕಿರಬೇಕು ಅಂತ ಪರದೆ ಹಾಕಿದ. ಚುಕ್ಕಿ ಇತ್ತು. ಈ ನಡುವೆ ಮಗು ಎರಡು ಸಲ ಬಾಗಿಲ ಪಟ್ಟಿಗೆ ಎಡಭುಜ ಹೊಡೆದುಕೊಂಡಿತು. "ನೋಡಿಕೊಂಡು ಓಡಬಾರದಾ?" ಅಂತ ಗದರಿದರು. ನೋಡಿಕೊಂಡು!

ಕೊನೆಗೆ ಸಿಟ್ಟಿನಿಂದ ತಾನೇ ರಿಪೇರಿಯವರ ಅಂಗಡಿಗೆ ಹೋದ. ಕ್ಯಾಮೆರಾದಲ್ಲಿದ್ದ ಫೋಟೊಗಳನ್ನು ಮುಂದೆ ಹಿಡಿದ. ಮುದುಕ ಕನ್ನಡಕ ಹಣೆಗೇರಿಸಿ ಒಂದೊಂದಾಗಿ ನೋಡಿದರು.

"ಸ್ವಾಮಿ, ಬೂಷ್ಟು ಬಂದರೆ ಇಡೀ ಫೋಟೊ ಮಂಕಾಗುತ್ತೆ. ಹೋಗಿ ಹೋಗಿ ಒಂದು ಕಣ್ಣಲ್ಲೇ ಕೂರಲ್ಲ. ಇಲ್ಲಿ ಕಣ್ಣು ನಡುವೆ ಇದೆ, ಇಲ್ಲಿ ಮೂಲೇಲಿದೆ. ಚುಕ್ಕಿ ಅದರ ಜೊತೆಗೇ ಓಡಾಡ್ತಿದೆಯಲ್ಲ?"

ಶ್ರೀಮಂತ ಬಗ್ಗಿ ಇನ್ನೆರಡು ಫೋಟೊ ಸರಿಸಿ ನೋಡಿದ.

"ಬೇರೆ ಯಾರ ಕಣ್ಣಲ್ಲಾದರೂ ಬಂದಿದೆಯಾ?"

"ಬೇರೆ ಯಾರದ್ದೂ ತೆಗೆದಿಲ್ಲ."

ಮುದುಕ ಕ್ಯಾಮೆರಾ ಅವನ ಕೈಗೆ ವಾಪಸಿಟ್ಟರು. "ಗಾಜು ಚೆನ್ನಾಗಿದೆ. ಮಗೂನ ಕಣ್ಣಾಸ್ಪತ್ರೆಗೆ ಕರಕೊಂಡು ಹೋಗಿ. ಇವತ್ತೇ. ಅಯ್ಯೋ, ಇನ್ನೂ ನಿಂತೇ ಇದ್ದೀರಲ್ಲ!"

ಮಗುವಿನ ಎಡಗಣ್ಣಿಗೆ ಪೊರೆ ಬಂದಿತ್ತು. ಮುದುಕರಿಗೆ ಮಾತ್ರ ಬರುವುದು ಅಂದುಕೊಂಡಿದ್ದೇವೆ. ಮಕ್ಕಳಿಗೂ ಬರುತ್ತದೆ. ಡಾಕ್ಟರಮ್ಮ ಹೇಳಿದರು, "ಪೊರೆ ತೆಗೆಯಬಹುದು. ಆದರೆ ಚಿಕ್ಕ ಮಕ್ಕಳ ಕಣ್ಣು ಬಹಳ ದಿನ ಕಾಣದೆ ಇದ್ದರೆ ನೋಡುವುದನ್ನೇ ಕಲಿಯುವುದಿಲ್ಲ. ಎಷ್ಟು ದಿನದಿಂದ ಇದೆ?"

"ಗೊತ್ತಿಲ್ಲ."

"ಹಳೆಯ ಫೋಟೊ ಏನಾದರೂ ಇದೆಯಾ?"

ಇದೆಯಾ! ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಹಿಂದೆ ಹಿಂದೆ ಸರಿಸುತ್ತಾ ಹೋದ. ದೀಪಾವಳಿ, ಬಿಳಿ. ದಸರೆಯ ಗೊಂಬೆಗಳ ಮುಂದೆ, ಬಿಳಿ. ಗಣೇಶನ ಹಬ್ಬದ ಹೊಸ ಲಂಗ, ಬಿಳಿ. ಯುಗಾದಿಯ ಎಣ್ಣೆಸ್ನಾನ ಮುಗಿಸಿ, ತಲೆಗೆ ಟವೆಲ್ಲು ಸುತ್ತಿ, ಹಲ್ಲು ಬಿಟ್ಟು ನಿಂತ ಮಗು. ಅಲ್ಲೂ ಸಾಸಿವೆಯಷ್ಟು ಬಿಳಿ. ಹತ್ತು ತಿಂಗಳು. ಚೌಕ ಪ್ರತಿ ಸಲವೂ ಕಣ್ಣನ್ನು ಹಿಡಿದಿತ್ತು. ಅವನು ಒಂದು ಸಲವೂ ಕಣ್ಣನ್ನು ನೋಡಿರಲಿಲ್ಲ. ಕಾಣಿಸಿದ ಮೇಲೂ ಎರಡು ತಿಂಗಳು ಗಾಜನ್ನು ಒರೆಸಿದ್ದ.

ಆಪರೇಷನ್ ಆಯಿತು. ಈಗ ದಿನಕ್ಕೆ ನಾಲ್ಕು ಗಂಟೆ ಮಗುವಿನ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಬೇಕು, ಸೋತ ಕಣ್ಣು ಕೆಲಸ ಕಲಿಯಲಿ ಅಂತ. ಮೊದಲ ದಿನ ಮಟಮಟ ಮಧ್ಯಾಹ್ನ ಅದು ಕೂಗಿತಂತೆ, "ಅಪ್ಪಾ, ಲೈಟ್ ಹಾಕು. ಲೈಟ್ ಹಾಕಪ್ಪಾ." ಅವನು ಎದುರಿಗೆ ಕೂತು ಒಂದು ಅವರೆಕಾಳು ಹಿಡಿದು ಕೇಳುತ್ತಾನೆ, "ಇದೇನು ಪುಟ್ಟಿ?" "ಕಾಣಲ್ಲ." ಒಂದು ಅಂಗುಲ ಹತ್ತಿರ ತರುತ್ತಾನೆ. "ಈಗ?" "ಕಾಣಲ್ಲ." ಇನ್ನೊಂದು ಅಂಗುಲ. ಎಳ್ಳಷ್ಟೆಳ್ಳಷ್ಟೇ, ಆ ಉಂಗುರ ತಿರುಗಿಸಿದ ಹಾಗೆ. ಆ ಕಣ್ಣು ಪೂರ್ತಿ ಬರುತ್ತದೆಯೇ? ಡಾಕ್ಟರಮ್ಮ 'ನೋಡೋಣ' ಅಂದಿದ್ದಾರೆ. ನನಗೂ ಅಷ್ಟೇ ಗೊತ್ತು.

ಈಗ ನಿಮ್ಮ ಕಡೆ ತಿರುಗುತ್ತೇನೆ, ತಪ್ಪಿಸಿಕೊಳ್ಳಬೇಡಿ. ಆ ಅಪ್ಪನಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲವೇ? ಹನ್ನೊಂದು ಸಾವಿರದಷ್ಟಿತ್ತು. ನಿಮಗೂ ಇದೆ. ಆದರೆ ಇವತ್ತು ಮಗಳು ಶಾಲೆಯಿಂದ ಬಂದಾಗ ಅವಳ ಮುಖ ನೋಡಿದಿರೋ, ಡಬ್ಬಿ ಖಾಲಿಯಾಗಿದೆಯೇ ಅಂತ ನೋಡಿದಿರೋ? ನಾನು ಡಬ್ಬಿ ನೋಡಿದೆ. ಅತ್ತೆ ಎರಡು ದಿನದಿಂದ ಸಾರಿಗೆ ಉಪ್ಪು ಸಾಲದು ಅನ್ನುತ್ತಿದ್ದಾರೆ. ನಾವು ಉಪ್ಪಿನ ಪ್ಯಾಕೆಟ್ಟು ಬದಲಾಯಿಸುತ್ತೇವೆ. ಅವರ ಬಾಯಿಗೆ ಏನಾಗಿದೆ ಅಂತ ಕೇಳುವುದಿಲ್ಲ. ಗಂಡ ಮಾತು ಕಡಿಮೆ ಮಾಡಿದರೆ ಮೊಬೈಲನ್ನು ಬೈಯುತ್ತೇವೆ. ದೋಷವನ್ನು ಗಾಜಿನಲ್ಲೇ ಹುಡುಕುತ್ತೇವೆ. ಯಾಕೆಂದರೆ ಗಾಜಿನಲ್ಲಿದ್ದರೆ ಒರೆಸಬಹುದು, ಹೆದರಬೇಕಾಗಿಲ್ಲ.

ಹೆದರಿ. ಸ್ವಲ್ಪ ಹೆದರಿ, ತಪ್ಪಿಲ್ಲ. ಮನೆಯಲ್ಲಿ ಯಾರಾದರೂ 'ಯಾಕೋ ನನಗೆ' ಅಂತ ಮಾತು ಶುರು ಮಾಡಿದರೆ, ಒಲೆ ಸಣ್ಣಗೆ ಮಾಡಿ, ಆ ಮಾತು ಮುಗಿಯುವವರೆಗೆ ನಿಲ್ಲಿ. ಒಂದು ತೊಂದರೆ ಎರಡನೆಯ ಸಲ ಕಂಡರೆ ಸಾಮಾನು ಬದಲಾಯಿಸಬೇಡಿ, ಮನುಷ್ಯರನ್ನು ನೋಡಿ. ಪುಟ್ಟ ಮಕ್ಕಳಿದ್ದವರು ಇವತ್ತು ಆಟವಾಡುತ್ತಾ ಒಂದೊಂದೇ ಕಣ್ಣು ಮುಚ್ಚಿ ನೋಡಿ. ನಗುತ್ತದೋ, ಅಳುತ್ತದೋ. ಅತ್ತರೆ 'ಏನೂ ಇಲ್ಲ' ಅನ್ನಬೇಡಿ. ಎತ್ತಿಕೊಂಡು ನಡೆಯಿರಿ.

ಪ್ರಸಾದ ತೆಗೆದುಕೊಂಡು ಮನೆಗೆ ಹೋಗಿ. ಯಾರೋ ಬಂದು ಬಾಗಿಲು ತೆಗೆಯುತ್ತಾರೆ. 'ಚಪ್ಪಲಿ ಯಾಕೆ ಇಲ್ಲಿ ಬಿಟ್ಟಿದ್ದೀರಿ' ಅನ್ನುವುದಕ್ಕೆ ಮೊದಲು, ಹೊಸ್ತಿಲಲ್ಲೇ ನಿಂತು, ಅವರ ಕಣ್ಣು ನೋಡಿ.